ಪೆರೂಜ್ ಕೋಟೆಹಳ್ಳಿ: ಅರ್ಧ ದಿನದಲ್ಲಿ ನೋಡುವುದು ಹೇಗೆ

ಮಂಗಳೂರು, ಉಡುಪಿ ಕಡೆಯಿಂದ ಫ್ರಾನ್ಸಿಗೆ ಹೋಗುವವರು ಲಿಯೋನ್‌ವರೆಗೆ ಬಂದರೆ ಪೆರೂಜನ್ನು ಬಿಡಲೇಬಾರದು. ಲಿಯೋನ್‌ನ ಪಾರ್‌-ದ್ಯೂ ನಿಲ್ದಾಣದಿಂದ ಮೆಕ್ಸಿಮ್ಯೂ-ಪೆರೂಜ್‌ಗೆ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಅಲ್ಲಿಂದ ಗುಡ್ಡ ಹತ್ತಲು 20 ನಿಮಿಷ ಇಟ್ಟುಕೊಳ್ಳಿ. ಹಿಂದಿರುಗುವ ರೈಲಿನ ಸಮಯ ಮೊದಲೇ ನೋಡಿಡಿ.

ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿ. ಓಣಿಗಳಿಗೆ ಹಾಸಿರುವುದು ಹೊಳೆಯ ಉರುಟು ಕಲ್ಲು. ನಮ್ಮ ಕೆಂಪುಕಲ್ಲಿನಂತೆ ಕಾಲಿಗೆ ಹಿಡಿತ ಕೊಡುವುದಿಲ್ಲ, ಮಳೆ ಬಿದ್ದರೆ ಜಾರುತ್ತದೆ. ಮಗುವಿನ ತಳ್ಳುಗಾಡಿ, ಚಕ್ರದ ಸೂಟ್‌ಕೇಸ್ ಎರಡೂ ಇಲ್ಲಿ ಸಿಕ್ಕಿಕೊಳ್ಳುತ್ತವೆ.

ಮೇಲಿನ ಬಾಗಿಲಿನಿಂದ ಒಳಗೆ ಹೋಗಿ. ಪಕ್ಕದಲ್ಲೇ ಇರುವ ಚರ್ಚ್ ಕೋಟೆಗೋಡೆಯ ಭಾಗವೇ. ಗೋಡೆಯಲ್ಲಿ ಬಾಣ ಬಿಡುವ ಸೀಳುಕಿಂಡಿಗಳನ್ನು ಹುಡುಕಿ, ಹತ್ತಿರ ಹೋಗಿ ನೋಡಿ: ಪ್ರಾರ್ಥನೆಗೂ ಕಾವಲಿಗೂ ಒಂದೇ ಗೋಡೆ. 1468ರ ಮುತ್ತಿಗೆಗೆ ಈ ಊರು ಜಗ್ಗಲಿಲ್ಲ. ಆಗ ಅದು ಸವೋಯ್ ಎಂಬ ಬೇರೆ ಸಂಸ್ಥಾನದ ಅಧೀನದಲ್ಲಿತ್ತು. ಫ್ರಾನ್ಸಿಗೆ ಸೇರಿದ್ದು 1601ರಲ್ಲಿ.

ನಂತರ ರ್ಯೂ ದೆ ರೋಂದ್ ಎಂಬ ಓಣಿ ಹಿಡಿದು ಒಂದು ಸುತ್ತು ಹಾಕಿ. ಓಣಿಯ ನಡುವೆ ನೀರು ಹರಿಯುವ ತಗ್ಗು, ಮೇಲೆ ಚಾಚಿದ ಸೂರು; ಮಳೆನಾಡಿನವರಿಗೆ ಅರ್ಥ ತಟ್ಟನೆ ಹೊಳೆಯುತ್ತದೆ. ಊರಿನ ಕಸುಬಾಗಿದ್ದ ನೇಯ್ಗೆ ನಿಂತು ಜನ ಹೋದ ಮೇಲೆ ಮನೆಗಳು ಬೀಳತೊಡಗಿದ್ದವು, 1911ರಲ್ಲಿ ಹಳೆಯ ಊರನ್ನು ಉಳಿಸುವ ಸಮಿತಿ ಹುಟ್ಟಿದ್ದರಿಂದ ಉಳಿದವು.

ನಡುಚೌಕದ ದೊಡ್ಡ ಮರ ನೆಟ್ಟದ್ದು 1792ರಲ್ಲಿ, ಫ್ರೆಂಚ್ ಕ್ರಾಂತಿಯ ಕಾಲದಲ್ಲಿ. ಅಲ್ಲೇ ಬೆಣ್ಣೆ ಸಕ್ಕರೆ ಹಾಕಿ ಬೇಯಿಸಿದ ಗ್ಯಾಲೆಟ್ ಎಂಬ ತೆಳು ಸಿಹಿ ರೊಟ್ಟಿ ಬಿಸಿಯಾಗಿ ತಿನ್ನಿ. ಆರಿದರೆ ರುಚಿ ಅರ್ಧ. ಹಿಟ್ಟಿಗೆ ಮೊಟ್ಟೆ ಬೀಳುತ್ತದೆ, ತಿನ್ನದವರು ಕೇಳಿಕೊಳ್ಳಿ.