ಮರಿಬೆಕ್ಕಿಗೆ ಭೇದಿಯೇ? ಮನೆಯವರಿಗೆ ಹರಡದಂತೆ ಹೀಗೆ ನೋಡಿಕೊಳ್ಳಿ

ಮನೆಗೆ ಬಂದ ಎರಡೇ ದಿನಕ್ಕೆ ಬೆಕ್ಕಿನ ಮರಿಗೆ ಭೇದಿ ಶುರುವಾದರೆ ಯಾರಿಗಾದರೂ ಗಾಬರಿ ಆಗುತ್ತದೆ, ಅಲ್ವಾ? ಜಾಗ, ಊಟ ಬದಲಾದರೂ ಮರಿಗಳ ಹೊಟ್ಟೆ ಕೆಡುತ್ತದೆ. ಆದರೆ ಹುಳು, ಜಿಯಾರ್ಡಿಯಾ ಎಂಬ ಕಣ್ಣಿಗೆ ಕಾಣದ ಕರುಳಿನ ಪರಾವಲಂಬಿ, ಇಲ್ಲವೇ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಕಾರಣವಾಗಿದ್ದರೆ ಅದು ನಮಗೂ ದಾಟಬಹುದು. ಹಾಗಂತ ಮರಿಯನ್ನು ಹೊರಗೆ ಬಿಟ್ಟುಬರಬೇಡಿ. ಇವು ಹೆಚ್ಚಾಗಿ ಹರಡುವುದು ಮಲದಿಂದ ಕೈಗೆ, ಕೈಯಿಂದ ಬಾಯಿಗೆ. ಆ ದಾರಿ ಮುಚ್ಚಿದರೆ ಭಯ ಬಹಳಷ್ಟು ಕಡಿಮೆಯಾಗುತ್ತದೆ.

ಮೊದಲು ಮಲ ಪರೀಕ್ಷೆ ಮಾಡಿಸಿ. ಆಗಷ್ಟೇ ಹೋದ ಮಲವನ್ನು ಮುಚ್ಚಳದ ಡಬ್ಬಿಯಲ್ಲಿ ಪಶುವೈದ್ಯರಿಗೆ ಕೊಡಿ. ಜಿಯಾರ್ಡಿಯಾ ದಿನಾ ಕಾಣಿಸುವುದಿಲ್ಲ. ಅದಕ್ಕೇ ವೈದ್ಯರು ಮೂರು ದಿನದ ಮಲ ಕೇಳಬಹುದು. ಮಲದಲ್ಲಿ ರಕ್ತ, ವಾಂತಿ, ಮಂಕು ಕಂಡರೆ ಅಥವಾ ಊಟ ಬಿಟ್ಟರೆ ಡಬ್ಬಿಗೆ ಕಾಯದೆ ಅಂದೇ ಕರೆದುಕೊಂಡು ಹೋಗಿ. ಪುಟ್ಟ ದೇಹದ ನೀರು ಬೇಗ ಬತ್ತಿಹೋಗುತ್ತದೆ.

ಹುಳುವಿನ ಔಷಧಿ ತಪ್ಪಿಸಬೇಡಿ. ದುಂಡುಹುಳು ತಾಯಿಯ ಹಾಲಿನಲ್ಲೇ ಮರಿಗೆ ಬರುತ್ತದೆ. ಹೊರಗೆ ಕಾಲಿಡದ ಮರಿಗೂ ಹುಳು ಇರುವುದು ಇದರಿಂದಲೇ. ಸಾಮಾನ್ಯವಾಗಿ ಮೂರು ವಾರದ ವಯಸ್ಸಿಗೆ ಶುರು ಮಾಡಿ, ಎರಡು ವಾರಕ್ಕೊಮ್ಮೆ ಕೊಡುತ್ತಾರೆ. ತೂಕ ನೋಡಿ ವೈದ್ಯರೇ ಪ್ರಮಾಣ ಹೇಳಬೇಕು. ಲಾಡಿಹುಳು ಹೆಚ್ಚಾಗಿ ಬರುವುದು ಚಿಗಟ ನುಂಗಿದಾಗ, ಹಾಗಾಗಿ ಚಿಗಟಕ್ಕೂ ಮದ್ದು ಬೇಕು. ಆದರೆ ನಾಯಿಯ ಚಿಗಟದ ಔಷಧಿ ಹಚ್ಚಲೇಬೇಡಿ. ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕು ಸತ್ತೇ ಹೋಗಬಹುದು.

ಇನ್ನು ಮಲದ ಟ್ರೇ. ನನ್ನ ಪ್ರಕಾರ ಜಾಸ್ತಿ ಗಮನ ಬೇಕಾದದ್ದು ಇಲ್ಲೇ. ಟಾಕ್ಸೊಪ್ಲಾಸ್ಮಾ ಎಂಬ ಇನ್ನೊಂದು ಪರಾವಲಂಬಿ ಮಲದಲ್ಲಿ ಹೊರಬಿದ್ದ ತಕ್ಷಣ ಅಂಟುವುದಿಲ್ಲ. ಅದಕ್ಕೆ 1ರಿಂದ 5 ದಿನ ಬೇಕು. ದುಂಡುಹುಳುವಿನ ಮೊಟ್ಟೆಗೆ ವಾರಗಳೇ ಬೇಕು. ದಿನಾ ಟ್ರೇಯ ಮಲ ತೆಗೆದರೆ ಇವೆರಡೂ ಬಲಿಯುವ ಮೊದಲೇ ಹೊರಗೆ ಹೋಗುತ್ತವೆ. ಜಿಯಾರ್ಡಿಯಾ ಹಾಗಲ್ಲ, ಹೊರಬಿದ್ದ ಗಳಿಗೆಯಲ್ಲೇ ಅಂಟಬಲ್ಲದು. ಅದಕ್ಕೇ ಗ್ಲೌಸ್ ಹಾಕಿಕೊಂಡಿದ್ದರೂ ಆಮೇಲೆ ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಯಿರಿ. ಖಾಲಿ ಟ್ರೇಗೆ ಕುದಿಯುವ ನೀರು ಹುಯ್ಯಿರಿ. ಟಾಕ್ಸೊಪ್ಲಾಸ್ಮಾ ಬ್ಲೀಚಿಗೆ ಜಗ್ಗುವುದಿಲ್ಲ. ಅಡುಗೆಮನೆಯ ಸಿಂಕಿನಲ್ಲಿ ಮಾತ್ರ ತೊಳೆಯಬೇಡಿ.

ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಲಿ. ಪುಟ್ಟ ಮಕ್ಕಳು ಮರಿಯನ್ನು ಮುದ್ದಾಡಲಿ, ಆದರೆ ಊಟಕ್ಕೆ ಮೊದಲು ಕೈ ತೊಳೆಸಿ. ಬೆಕ್ಕು ಅಲ್ಲಿ ಮಲ ಮಾಡದಂತೆ ಆಟದ ಮರಳಿನ ಮೇಲೆ ಹೊದಿಕೆ ಹಾಕಿ. ದುಂಡುಹುಳುವಿನ ಮರಿಹುಳು ಮಕ್ಕಳ ಕಣ್ಣಿಗೂ ಹೋಗಬಲ್ಲದು. ಬೆಕ್ಕಿಗೆ ಹಸಿ ಮಾಂಸ ಬೇಡ.

ಭೇದಿ ನಿಂತಿತು ಅಂತ ಔಷಧಿ ಅರ್ಧಕ್ಕೆ ಬಿಡಬೇಡಿ. ಜಿಯಾರ್ಡಿಯಾ ಇದ್ದರೆ ಕೂದಲಿಗೂ ಅಂಟಿರುತ್ತದೆ, ಮರಿಯ ಹಿಂಭಾಗ ತೊಳೆದು ಒರೆಸಿ. ಈ ನಡುವೆ ಮನೆಯಲ್ಲಿ ಯಾರಿಗಾದರೂ ಭೇದಿ, ಜ್ವರ ಬಂದರೆ ಡಾಕ್ಟರಿಗೆ ಮರಿಬೆಕ್ಕಿನ ವಿಷಯ ನೀವಾಗಿಯೇ ಹೇಳಿ. ಯಾವ ಪರೀಕ್ಷೆ ಮಾಡಿಸಬೇಕೆಂದು ಅವರಿಗೆ ಬೇಗ ಹೊಳೆಯುತ್ತದೆ.