ಆಲ್ಟರ್ನೇಟರ್ ಲೆಕ್ಕ: ಹಳೇ ಕಾಯಿಲ್ ಕತ್ತರಿಸುವ ಮುಂಚೆ

ದಾವಣಗೆರೆಯಲ್ಲಿ ನನ್ನದು ರಿವೈಂಡಿಂಗ್ ಕೆಲಸ, ಅಂದರೆ ಸುಟ್ಟ ಕಾಯಿಲ್ ಬಿಚ್ಚಿ ಹೊಸದಾಗಿ ಸುತ್ತುವುದು. ಹೆಚ್ಚಾಗಿ ಬರುವುದು ಬೋರ್‌ವೆಲ್ ಮೋಟಾರ್. ಭತ್ತದ ಸುಗ್ಗಿಯಲ್ಲಿ ರೈಸ್ ಮಿಲ್ ಜನರೇಟರ್, ಮದುವೆ ಸೀಸನ್‌ನಲ್ಲಿ ಕಲ್ಯಾಣ ಮಂಟಪದ ಜನರೇಟರ್. ಮೋಟಾರ್ ಆದರೆ ಹಳೇ ಕಾಯಿಲ್ ನೋಡಿ ಹಾಗೇ ಸುತ್ತಿ ಕೊಡುವವರು ಬಹಳ ಜನ ಇದ್ದಾರೆ. ಜನರೇಟರ್‌ನಲ್ಲಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್‌ಗೆ ಮಾತ್ರ ನಾನು ಲೆಕ್ಕ ಮಾಡದೆ ಕೈ ಹಾಕುವುದಿಲ್ಲ. ಮೋಟಾರ್ ಕೆಟ್ಟರೆ ಅದೊಂದೇ ಸುಡುತ್ತದೆ. ಆಲ್ಟರ್ನೇಟರ್ ವೋಲ್ಟೇಜ್ ತಪ್ಪಿದರೆ ಅದಕ್ಕೆ ತಗುಲಿಸಿದ್ದೆಲ್ಲ ಕೆಡುತ್ತದೆ.

ಸೂತ್ರ ಒಂದೇ. ಒಂದು ಫೇಸ್‌ನ ವೋಲ್ಟೇಜ್ = 4.44 × ಫ್ರೀಕ್ವೆನ್ಸಿ × ಒಂದು ಪೋಲ್‌ನ ಫ್ಲಕ್ಸ್ × ಒಂದು ಫೇಸ್‌ನಲ್ಲಿ ಸೀರೀಸ್ ಇರುವ ಸುತ್ತು × ವೈಂಡಿಂಗ್ ಫ್ಯಾಕ್ಟರ್. ಪೋಲ್ ಅಂದರೆ ಒಳಗೆ ತಿರುಗುವ ರೋಟರ್‌ನ ಕಾಂತದ ಒಂದು ತುದಿ, ಫ್ಲಕ್ಸ್ ಅಂದರೆ ಅದರಿಂದ ಹೊರಡುವ ಕಾಂತದ ಹರಿವು, ವೈಂಡಿಂಗ್ ಫ್ಯಾಕ್ಟರ್ ಅಂದರೆ ಕಾಯಿಲ್ ಹರಡಿದ ರೀತಿಯಿಂದ ವೋಲ್ಟೇಜ್ ಎಷ್ಟು ಕಮ್ಮಿಯಾಗುತ್ತದೆ ಅನ್ನುವ ಅಂಕಿ. ಡಿಪ್ಲೊಮಾ ಓದುವ ಹುಡುಗರು ಅಂಗಡಿಗೆ ಬಂದಾಗ ಇದನ್ನು ಬಾಯಿಪಾಠ ಒಪ್ಪಿಸುತ್ತಾರೆ. ಆಮೇಲೆ 415 ಅನ್ನೇ ಸೂತ್ರಕ್ಕೆ ಹಾಕಿಬಿಡುತ್ತಾರೆ! ಸ್ಟಾರ್ ಕನೆಕ್ಷನ್‌ನಲ್ಲಿ 415 ಲೈನ್ ವೋಲ್ಟೇಜ್. 1.732ರಿಂದ ಭಾಗಿಸಿದರೆ ಬರುವ 240 ಫೇಸ್‌ನದ್ದು, ಸೂತ್ರಕ್ಕೆ ಬೇಕಾದದ್ದು ಅದು. ಇನ್ನೊಂದು ಗೊಂದಲ ಸುತ್ತು ಮತ್ತು ಕಂಡಕ್ಟರ್. ಒಂದು ಸುತ್ತಿಗೆ ಎರಡು ಕಂಡಕ್ಟರ್. ಕಂಡಕ್ಟರ್ ಲೆಕ್ಕ ಹಿಡಿದರೆ 4.44 ಜಾಗಕ್ಕೆ 2.22 ಬರಬೇಕು.

ಹರಿಹರದ ಕಡೆಯ ಒಂದು ಮಿಲ್ಲಿನಿಂದ ಬಂದ 37.5 ಕೆವಿಎ ಆಲ್ಟರ್ನೇಟರ್‌ನ ಲೆಕ್ಕ ಹೇಳುತ್ತೇನೆ. ಬೇರೆ ಯಾರೋ ಒಮ್ಮೆ ಸುತ್ತಿ ಕೊಟ್ಟಿದ್ದರು. ಲೋಡ್ ಹಾಕಿದರೆ ರೋಟರ್ ಮುಟ್ಟೋಕಾಗದಷ್ಟು ಬಿಸಿ, ವೋಲ್ಟೇಜ್ ತಾನಾಗಿ ಸರಿಹಿಡಿಯುವ ಎವಿಆರ್ (ಆಟೊಮ್ಯಾಟಿಕ್ ವೋಲ್ಟೇಜ್ ರೆಗ್ಯುಲೇಟರ್) ಮೇಲಿಂದ ಮೇಲೆ ಕೆಟ್ಟುಹೋಗುತ್ತದೆ ಅನ್ನೋದು ಮಾಲೀಕರ ದೂರು. ಎವಿಆರ್ ಬದಲಾಯಿಸಿ ಬದಲಾಯಿಸಿ ಅವರಿಗೂ ಸಾಕಾಗಿತ್ತು.

ಕಾಯಿಲ್ ಕತ್ತರಿಸುವ ಮುಂಚೆ ನಾನು ಎಣಿಸುತ್ತೇನೆ. ಇದರಲ್ಲಿ 36 ಸ್ಲಾಟ್ (ಕಾಯಿಲ್ ಕೂರುವ ಸೀಳು), 4 ಪೋಲ್, 1500 ಆರ್‌ಪಿಎಂ. 1500 × 4 ÷ 120 ಅಂದ್ರೆ 50 ಹರ್ಟ್ಸ್, ಸರಿಯಿದೆ. ಸ್ಲಾಟ್‌ಗೆ ಎರಡು ಲೇಯರ್, ಹಾಗಾಗಿ ಒಟ್ಟು 36 ಕಾಯಿಲ್, ಫೇಸ್‌ಗೆ 12. ಪ್ರತಿ ಕಾಯಿಲ್‌ಗೆ 10 ಸುತ್ತು. 12 × 10 = 120 ಅಂತ ಇಲ್ಲೇ ಬರೆದುಬಿಟ್ಟರೆ ಲೆಕ್ಕ ಕೆಟ್ಟಿತು. ಕನೆಕ್ಷನ್ ಬಿಡಿಸಿ ನೋಡಿದರೆ ಪ್ರತಿ ಫೇಸ್‌ನಲ್ಲಿ ಎರಡು ಪ್ಯಾರಲಲ್ ದಾರಿ ಇತ್ತು. ಒಂದೊಂದು ದಾರಿಯಲ್ಲಿ 6 ಕಾಯಿಲ್, 60 ಸುತ್ತು. ಸೂತ್ರಕ್ಕೆ ಹೋಗುವುದು ಈ 60.

ಈಗ ಪಿಚ್, ಅಂದರೆ ಒಂದು ಕಾಯಿಲ್‌ನ ಎರಡು ಬದಿಗಳ ನಡುವಿನ ಅಂತರ. 36ನ್ನು 4ರಿಂದ ಭಾಗಿಸಿದರೆ ಒಂದು ಪೋಲ್‌ಗೆ 9 ಸ್ಲಾಟ್. ಎಲೆಕ್ಟ್ರಿಕಲ್ ಲೆಕ್ಕದಲ್ಲಿ ಒಂದು ಪೋಲ್ ಅಂದರೆ 180 ಡಿಗ್ರಿ, ಆದ್ದರಿಂದ ಒಂದು ಸ್ಲಾಟ್‌ಗೆ 20 ಡಿಗ್ರಿ. ಪೂರ್ತಿ ಪಿಚ್ ಬೇಕಿದ್ದರೆ ಕಾಯಿಲ್ 1ರಿಂದ 10ಕ್ಕೆ ಬೀಳಬೇಕು. ನಮ್ಮಲ್ಲಿ 1-9 ಅಂತೀವಲ್ಲ, ಅದರಲ್ಲಿ ಕಾಯಿಲ್ ದಾಟುವುದು 8 ಸ್ಲಾಟ್, 9 ಅಲ್ಲ. ಈ ಆಲ್ಟರ್ನೇಟರ್‌ನಲ್ಲಿ ಇದ್ದದ್ದು 1-7. ಬರೀ 6 ಸ್ಲಾಟ್, ಅಂದರೆ ಮೂರನೇ ಎರಡು ಭಾಗ ಪಿಚ್. ಆದರೆ ಮಾಲೀಕರು ಹಳೇ ಕಾಗದ ಜೋಪಾನವಾಗಿ ಇಟ್ಟಿದ್ದರು. ಅದರಲ್ಲಿ ಕಂಪನಿಯ ಮೂಲ ವೈಂಡಿಂಗ್ 1-9, 10 ಸುತ್ತು. ನನಗೆ ಅಲ್ಲೇ ಅರ್ಧ ಗೊತ್ತಾಯಿತು.

ವೈಂಡಿಂಗ್ ಫ್ಯಾಕ್ಟರ್‌ನಲ್ಲಿ ಎರಡು ಪಾಲು. ಮೊದಲನೆಯದು ಡಿಸ್ಟ್ರಿಬ್ಯೂಶನ್. ಒಂದು ಪೋಲ್‌ನಲ್ಲಿ ಒಂದು ಫೇಸ್‌ಗೆ 3 ಸ್ಲಾಟ್, ನಡುವೆ 20 ಡಿಗ್ರಿ. ಸೈನ್ 30 ಅನ್ನು 3 × ಸೈನ್ 10ರಿಂದ ಭಾಗಿಸಿದರೆ 0.96. ಮೂರು ಎತ್ತು ಒಂದೇ ಗಾಡಿಯನ್ನು ಸ್ವಲ್ಪ ಸ್ವಲ್ಪ ಬೇರೆ ದಿಕ್ಕಿಗೆ ಎಳೆದರೆ ಪೂರ್ತಿ ಬಲ ಸಿಗಲ್ಲ ಅಲ್ವಾ, ಹಾಗೆ. ಎರಡನೆಯದು ಪಿಚ್. ಕಾಯಿಲ್ ಎಷ್ಟು ಡಿಗ್ರಿ ಕಮ್ಮಿ ಬಿದ್ದಿದೆಯೋ ಅದರ ಅರ್ಧದ ಕೊಸೈನ್. 1-9ಕ್ಕೆ 20 ಡಿಗ್ರಿ ಕಮ್ಮಿ, ಕೊಸೈನ್ 10 ಅಂದರೆ 0.985. 1-7ಕ್ಕೆ 60 ಡಿಗ್ರಿ ಕಮ್ಮಿ, ಕೊಸೈನ್ 30 ಅಂದರೆ 0.866. ಗುಣಿಸಿದರೆ ಮೂಲ ವೈಂಡಿಂಗ್‌ನ ಫ್ಯಾಕ್ಟರ್ 0.945, ಬದಲಾಯಿಸಿದ್ದಕ್ಕೆ 0.831.

ಫ್ಲಕ್ಸ್ ಎಲ್ಲಿಂದ ತರುವುದು ಅನ್ನೋದೇ ಎಲ್ಲರ ಪ್ರಶ್ನೆ. ಪರೀಕ್ಷೆಯಲ್ಲಿ ಕೊಟ್ಟಿರುತ್ತಾರೆ, ಅಂಗಡಿಯಲ್ಲಿ ಯಾರು ಕೊಡ್ತಾರೆ? ನಾನು ಕಂಪನಿಯ ವೈಂಡಿಂಗ್‌ನಿಂದಲೇ ತೆಗೆಯುತ್ತೇನೆ. 240 ಅನ್ನು 4.44 × 50 × 60 × 0.945ರಿಂದ ಭಾಗಿಸಿದರೆ 0.019 ವೆಬರ್. ಸ್ಟೇಟರ್ (ಕಾಯಿಲ್ ಇರುವ, ತಿರುಗದ ಭಾಗ) ಒಳವ್ಯಾಸ 24 ಸೆಂಟಿಮೀಟರ್, ಕೋರ್ ಉದ್ದ 20. ಒಂದು ಪೋಲ್‌ಗೆ ಸಿಗುವ ಜಾಗ 0.0377 ಚದರ ಮೀಟರ್. ಅಲ್ಲಿಗೆ ಸರಾಸರಿ 0.5 ಟೆಸ್ಲಾ. ಇದು ನಂಬಬಹುದಾದ ಅಂಕಿ. 0.8 ಬಂದಿದ್ದರೆ ಎಣಿಕೆಯಲ್ಲೇ ಏನೋ ಎಡವಟ್ಟು ಅಂತ ತಿಳಿದು ಮತ್ತೆ ಎಣಿಸುತ್ತಿದ್ದೆ.

ಅದೇ ಫ್ಲಕ್ಸ್, ಅದೇ 60 ಸುತ್ತು, ಆದರೆ ಪಿಚ್ 1-7. ಫೇಸ್‌ಗೆ 211 ವೋಲ್ಟ್, ಲೈನ್‌ಗೆ 365. ಮೀಟರ್‌ನಲ್ಲಿ ಮಾತ್ರ 415 ತೋರಿಸುತ್ತಿತ್ತು, ಯಾಕಂದ್ರೆ ಎವಿಆರ್ ಸುಮ್ನೆ ಕೂರಲ್ಲ. ಕಮ್ಮಿಯಾದ ವೋಲ್ಟೇಜ್ ತುಂಬಿಸಲು ಫ್ಲಕ್ಸ್ ಸುಮಾರು 14 ಪರ್ಸೆಂಟ್ ಏರಬೇಕು. ಕಬ್ಬಿಣ ಸ್ಯಾಚುರೇಶನ್ (ಇನ್ನು ಹೆಚ್ಚು ಫ್ಲಕ್ಸ್ ಸುಲಭವಾಗಿ ಹಿಡಿಯದ ಹಂತ) ಹತ್ತಿರ ಇದ್ದಾಗ ಅಷ್ಟು ಏರಿಸೋಕೆ ರೋಟರ್ ಕಾಂತಕ್ಕೆ ಹೋಗುವ ಫೀಲ್ಡ್ ಕರೆಂಟ್ 14 ಪರ್ಸೆಂಟ್‌ಗಿಂತ ಎಷ್ಟೋ ಜಾಸ್ತಿ ಬೇಕು. ರೋಟರ್ ಕಾದಿದ್ದು, ಎವಿಆರ್ ಸತ್ತದ್ದು ಇದಕ್ಕೇ. ಸುತ್ತಿದವರು ಪಿಚ್ ಯಾಕೆ ಕಮ್ಮಿ ಮಾಡಿದರು? ತಾಮ್ರ ಉಳಿಯುತ್ತದೆ, ಕಾಯಿಲ್ ಕೂರಿಸೋದೂ ಸಲೀಸು. ನನ್ನ ಊಹೆ ಇಷ್ಟೇ.

ಮೂರನೇ ಎರಡು ಪಿಚ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದರಲ್ಲಿ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಫ್ರೀಕ್ವೆನ್ಸಿಯ ಬೇಡದ ವೋಲ್ಟೇಜ್) ಪೂರ್ತಿ ಸೊನ್ನೆಯಾಗುತ್ತದೆ: 30 ಡಿಗ್ರಿ ಮೂರು ಪಟ್ಟು 90, ಅದರ ಕೊಸೈನ್ ಸೊನ್ನೆ. ಎರಡು ಜನರೇಟರ್ ಪ್ಯಾರಲಲ್ ಓಡಿಸುವ ಕಡೆ ನ್ಯೂಟ್ರಲ್‌ಗೆ ಇದು ಒಳ್ಳೆಯದು. ಆದರೆ ಪಿಚ್ ಇಳಿಸಿದರೆ ಸುತ್ತು ಏರಿಸಬೇಕು. ಇಲ್ಲಿ 60ರ ಬದಲು 68 ಬೇಕಿತ್ತು. ಕಾಯಿಲ್‌ಗೆ 11 ಹಾಕಿದರೆ 66, ನಡೆಯುತ್ತದೆ, ಆದರೆ ಸ್ಲಾಟ್‌ನಲ್ಲಿ ಹತ್ತು ಪರ್ಸೆಂಟ್ ಹೆಚ್ಚು ವೈರ್ ತುರುಕಬೇಕು. ಮಿಲ್ಲಿನಲ್ಲಿ ಇರುವುದು ಬಹುತೇಕ ಮೋಟಾರ್, ಜನರೇಟರ್ ಒಂದೇ. ನಾನು 1-9ಕ್ಕೇ ವಾಪಸ್ ಹೋದೆ.

ವೈರ್ ಗೇಜ್ ಬೇಗ ಮುಗಿಯುತ್ತದೆ. 37.5 ಕೆವಿಎಗೆ 52 ಆಂಪ್, ಎರಡು ದಾರಿ, ಒಂದಕ್ಕೆ 26. 17 ಗೇಜ್ ನಾಲ್ಕು ಎಳೆ ಸೇರಿದರೆ 6.35 ಚದರ ಮಿಲಿಮೀಟರ್, ಚದರ ಮಿಲಿಮೀಟರ್‌ಗೆ ಸುಮಾರು ನಾಲ್ಕು ಆಂಪ್ ಲೆಕ್ಕ.

ಮಿಲ್ಲಿಗೆ ಕೂರಿಸಲು ಹೋದಾಗ ಇನ್ನೊಂದು ಕಣ್ಣಿಗೆ ಬಿತ್ತು. ಬೆಸ್ಕಾಂ ಲೈನಿಗಾಗಿ ಹಾಕಿದ್ದ ಕೆಪಾಸಿಟರ್ ಪ್ಯಾನೆಲ್ ಜನರೇಟರ್ ಓಡುವಾಗಲೂ ಹಾಗೇ ಇತ್ತು. ಇದು ಯಾಕೆ ಅಪಾಯ ಅಂತ ತಿಳಿಯೋಕೆ ಕಾಲೇಜಿನ ರೆಗ್ಯುಲೇಶನ್ ಲೆಕ್ಕವೇ (ಲೋಡ್ ಬಿದ್ದಾಗ ವೋಲ್ಟೇಜ್ ಎಷ್ಟು ಬದಲಾಗುತ್ತದೆ ಅನ್ನೋದು) ಸಾಕು. ಸಿಂಕ್ರೊನಸ್ ರಿಯಾಕ್ಟೆನ್ಸ್ (ಆಲ್ಟರ್ನೇಟರ್ ಒಳಗೇ ಎಸಿ ಕರೆಂಟಿಗೆ ಬರುವ ತಡೆ) 2.3 ಓಮ್, ರೆಸಿಸ್ಟೆನ್ಸ್ 0.2 ಅಂತ ಇಟ್ಟುಕೊಳ್ಳಿ. 52 ಆಂಪ್, 0.8 ಪವರ್ ಫ್ಯಾಕ್ಟರ್ ಲ್ಯಾಗಿಂಗ್‌ನಲ್ಲಿ (ಮೋಟಾರ್ ಲೋಡ್‌ನಲ್ಲಿ ಆಗುವಂತೆ ಕರೆಂಟ್ ವೋಲ್ಟೇಜ್‌ಗಿಂತ ಹಿಂದೆ) 240 ಕೊಡಲು ಒಳಗೆ ಸುಮಾರು 332 ವೋಲ್ಟ್ ಹುಟ್ಟಬೇಕು. ಕೆಪಾಸಿಟರ್‌ನಿಂದ ಕರೆಂಟ್ ಮುಂದೆ ಹೋಗಿ ಅದೇ 0.8 ಲೀಡಿಂಗ್ ಆದರೆ 204 ಸಾಕು. ಈ ವಿಧಾನ ನಿಜಕ್ಕಿಂತ ಜಾಸ್ತಿಯೇ ತೋರಿಸುತ್ತದೆ, ಆದರೆ ದಿಕ್ಕು ಸರಿ. ಲೋಡ್ ಕಮ್ಮಿ ಇದ್ದಾಗ ಕೆಪಾಸಿಟರ್ ಉಳಿದರೆ ಎವಿಆರ್ ಫೀಲ್ಡ್ ಇಳಿಸುತ್ತಾ ಹೋಗಿ ಕೊನೆಗೆ ಹಿಡಿತ ಕಳೆದುಕೊಳ್ಳುತ್ತದೆ, ವೋಲ್ಟೇಜ್ ಏರುತ್ತದೆ. ಜನರೇಟರ್ ಚೇಂಜ್‌ಓವರ್ ಜತೆಗೆ ಪ್ಯಾನೆಲ್ ತಾನಾಗಿ ಕಟ್ ಆಗುವ ಹಾಗೆ ಒಂದು ಕಾಂಟ್ಯಾಕ್ಟರ್ ಹಾಕಿಸಿದೆ. ಇಂಜಿನ್ ಸ್ಪೀಡ್ ಹಿಡಿಯುವ ಗವರ್ನರ್‌ನಲ್ಲಿ ಖಾಲಿ ಸ್ಪೀಡ್ 1560ಕ್ಕೆ ಇಟ್ಟೆ. ಪೂರ್ತಿ ಲೋಡ್ ಬಿದ್ದಾಗ 1500ಕ್ಕೆ ಇಳಿದು ನಿಂತಿತು, ಮೂರೂ ಫೇಸ್ 240ರ ಆಸುಪಾಸು.