ಭಿನ್ನರಾಶಿ ಪಾಠನ ಮಕ್ಳಿಗೆ ನಿಜವಾಗ್ಲೂ ಅರ್ಥ ಆಗೋ ಥರ ಪ್ಲಾನ್ ಮಾಡೋದು ಹೇಗೆ

ನಾಲ್ಕನೇ ಕ್ಲಾಸ್ ಮಕ್ಳನ್ನ 1/3 ದೊಡ್ದಾ 1/4 ದೊಡ್ದಾ ಅಂತ ಕೇಳಿ ನೋಡಿ, ಸುಮಾರು ಜನ 1/4 ಅಂತಾರೆ, ಯಾಕಪ್ಪಾ ಅಂದ್ರೆ ಮೂರಕ್ಕಿಂತ ನಾಕು ದೊಡ್ದಲ್ವಾ ಸಾರ್ ಅಂತಾರೆ. ಲೆಸನ್ ಪ್ಲಾನ್ ಶುರು ಆಗ್ಬೇಕಾಗಿರೋದೇ ಈ ಉತ್ತರದಿಂದ. ನಾವು ಸಾಮಾನ್ಯವಾಗಿ ಮೊದ್ಲು ಚಟುವಟಿಕೆ ಹುಡುಕ್ತೀವಿ, ಚಾರ್ಟು, ಕಲರ್ ಪೇಪರ್, ಹಾಡು ಎಲ್ಲ ಮಾಡ್ತೀವಿ, ಮಕ್ಳೂ ಖುಷಿಯಾಗಿರ್ತಾರೆ, ಆದ್ರೆ ಆ ತಪ್ಪು ಕಲ್ಪನೆ ಹಾಗೇ ಉಳ್ಕೊಂಡಿರುತ್ತೆ. ಅದಕ್ಕೆ ಮೊದ್ಲು ಮಗು ಎಲ್ಲಿ ತಪ್ಪು ಯೋಚ್ನೆ ಮಾಡ್ತಿದೆ ಅಂತ ಒಂದೇ ಸಾಲಲ್ಲಿ ಬರ್ಕೊಳ್ಳಿ, ಆಮೇಲೆ ಆ ಸಾಲನ್ನ ಅಲ್ಲಾಡಿಸೋ ಚಟುವಟಿಕೆ ಆರಿಸ್ಕೊಳ್ಳಿ.

ಇದಕ್ಕೆ ಪೇಪರ್ ಪಟ್ಟಿ ಸಾಕು. ಹಳೇ ನೋಟ್‌ಬುಕ್ ಹಾಳೆಯಿಂದ ಎಲ್ರಿಗೂ ಒಂದೇ ಉದ್ದದ ಮೂರ್ನಾಲ್ಕು ಪಟ್ಟಿ ಕತ್ತರಿಸಿ ಕೊಡಿ. ಎರಡು ಭಾಗ, ನಾಲ್ಕು ಭಾಗ ಮಡಚೋದು ಸುಲಭ. ಮೂರು ಸಮ ಭಾಗ ಮಾಡಿ ಅಂದಾಗ ಒದ್ದಾಟ ಶುರು ಆಗುತ್ತೆ, ದಯವಿಟ್ಟು ಆಗ ಹೇಳಿಕೊಡೋಕೆ ಹೋಗ್ಬೇಡಿ, ಐದು ನಿಮಿಷ ಬಿಡಿ. ಯಾರೋ ಒಬ್ರು ಅಂದಾಜಲ್ಲಿ ಮೂರು ಮಡಿಕೆ ಹಾಕಿ ಮಿಕ್ಕಿದ ತುಂಡನ್ನ ಹರಿದು ಬಿಸಾಕ್ತಾರೆ. ಅದು ಸಿಕ್ಕಿದ್ರೆ ನಿಮ್ಮ ಪಾಠ ಅರ್ಧ ಗೆದ್ದಂಗೆ. ಬೈಬೇಡಿ, ಆ ಪಟ್ಟಿನ ಪಕ್ಕದವ್ರ ಪಟ್ಟಿ ಜೊತೆ ಇಟ್ಟು "ಎರಡೂ ಒಂದೇ ಉದ್ದ ಇದ್ಯಾ? ಹಾಗಾದ್ರೆ ಇದು ಯಾವುದ್ರ ಮೂರನೇ ಒಂದು ಭಾಗ?" ಅಂತ ಇಡೀ ಕ್ಲಾಸಿಗೆ ಕೇಳಿ. 'ಪೂರ್ತಿ' ಬದಲಾದ್ರೆ ಭಾಗಾನೂ ಬದಲಾಗುತ್ತೆ ಅನ್ನೋದು ಮಕ್ಳ ಬಾಯಿಂದಾನೇ ಬರುತ್ತೆ.

ಆಮೇಲೆ ಎಲ್ಲಾ ಪಟ್ಟಿ ಒಂದರ ಕೆಳಗೊಂದು ಅಂಟಿಸಿ, 1/2, 1/3, 1/4 ಹೋಲಿಸೋಕೆ ಹೇಳಿ. ಭಾಗ ಜಾಸ್ತಿ ಆದಷ್ಟು ಒಂದೊಂದು ಭಾಗ ಚಿಕ್ಕದಾಗುತ್ತೆ ಅಂತ ಕಣ್ಣಿಗೇ ಕಾಣುತ್ತೆ. ಸರ್ಕಾರಿ ಶಾಲೆಯವ್ರಾದ್ರೆ ಗಣಿತ ಕಲಿಕಾ ಆಂದೋಲನದ ಕಿಟ್ (ರೆಡಿ ಭಿನ್ನರಾಶಿ ತುಂಡುಗಳೂ ಇರೋ ಗಣಿತ ಸಾಮಗ್ರಿ ಪೆಟ್ಟಿಗೆ) ಬೀರುವಿನಲ್ಲಿ ಇದ್ರೆ ತೆಗೀರಿ, ಆದ್ರೆ ಮಡಚೋ ಕೆಲಸ ಮೊದ್ಲು ಆಗ್ಲಿ, ರೆಡಿ ತುಂಡು ಕೊಟ್ರೆ ಸಮ ಭಾಗ ಮಾಡೋ ಕಷ್ಟಾನೇ ಗೊತ್ತಾಗಲ್ಲ.

ಎರಡನೇ ದಿನ ಹಗ್ಗ ಕಟ್ಟಿ. ಕಿಟಕಿಯಿಂದ ಕಿಟಕಿಗೆ ಹಗ್ಗ, ಒಂದು ತುದಿಗೆ 0, ಹಗ್ಗದ ಮಧ್ಯಕ್ಕೆ 1, ಇನ್ನೊಂದು ತುದಿಗೆ 2. ಚೀಟಿ, ಬಟ್ಟೆ ಕ್ಲಿಪ್ ಕೊಟ್ಟು 1/2, 2/4, 3/4, 5/4 ನೇತು ಹಾಕಿಸಿ. 1/2 ಮತ್ತೆ 2/4 ಒಂದೇ ಜಾಗಕ್ಕೆ ಬಂದಾಗ ಜಗಳ ಆಗುತ್ತೆ, ಆಗ್ಲಿ, ಆ ಜಗಳ ಮುಗಿದ ಮೇಲೆ 'ಸಮಾನ ಭಿನ್ನರಾಶಿ' ಅನ್ನೋ ಹೆಸರು ಹೇಳಿ, ಮೊದ್ಲೇ ಬೋರ್ಡ್ ಮೇಲೆ ಬರೀಬೇಡಿ. 5/4 ಚೀಟಿ ಹಿಡ್ಕೊಂಡ ಮಗು ಒಂದನ್ನ ದಾಟಿ ಹೋಗ್ಬೇಕಾಗುತ್ತೆ, ರೊಟ್ಟಿ ಚಿತ್ರ ಮಾತ್ರ ನೋಡಿದ ಮಕ್ಳಿಗೆ ಇದು ದೊಡ್ಡ ಆಶ್ಚರ್ಯ. ಕಾಲು ಕೆಜಿ ಅಂದ್ರೆ 250 ಗ್ರಾಂ ಅಂತ ಅಂಗಡಿಗೆ ಹೋಗೋ ಮಕ್ಳಿಗೆ ಗೊತ್ತೇ ಇರುತ್ತೆ, ಹಾಗಾದ್ರೆ ಒಂದೂಕಾಲು ಕೆಜಿ ಹಗ್ಗದಲ್ಲಿ ಎಲ್ಲಿ ಬರುತ್ತೆ ಅಂತ ಕೇಳಿ.

ನಾಲ್ಕು, ಐದು ಎರಡೂ ಕ್ಲಾಸ್ ಒಟ್ಟಿಗೆ ಕೂರ್ಸಿದ್ರೆ ಐದನೆಯವ್ರಿಗೆ ಅದೇ ಹಗ್ಗದಲ್ಲಿ 0.5, 0.25 ಕೊಡಬಹುದು.

ಪೀರಿಯಡ್ ಮುಗಿಯೋ ಮೊದ್ಲು ಐದು ನಿಮಿಷ ಉಳಿಸ್ಕೊಳ್ಳಿ. 1/5, 1/6 ಇದ್ರಲ್ಲಿ ಯಾವುದು ದೊಡ್ಡದು, ಯಾಕೆ, ಚಿತ್ರ ಬರೆದು ಹೇಳಿ ಅಂತ ಒಂದೇ ಪ್ರಶ್ನೆ. ಮಾರ್ಕ್ಸ್ ಹಾಕ್ಬೇಡಿ. ಮಕ್ಳು ಉತ್ತರ ಬರೆದ ಚೀಟಿಗಳನ್ನ ಮೂರು ಗುಂಪು ಮಾಡಿ: ಕಾರಣ ಸಮೇತ ಸರಿ, ಉತ್ತರ ಸರಿ ಕಾರಣ ಇಲ್ಲ, ತಪ್ಪು. ಎರಡನೇ ಗುಂಪನ್ನ ಸರಿ ಅಂತ ಬಿಟ್ಬಿಡ್ಬೇಡಿ, ಅವ್ರಲ್ಲಿ ಸುಮಾರು ಜನ ಈಗ "ಕೆಳಗಿನ ನಂಬರ್ ಚಿಕ್ಕದಿದ್ರೆ ದೊಡ್ಡದು" ಅಂತ ಹೊಸ ರೂಲ್ ಬಾಯಿಪಾಠ ಮಾಡ್ಕೊಂಡಿರ್ತಾರೆ, ಅವ್ರಿಗೆ ನಾಳೆ ಬೆಳಿಗ್ಗೆ 2/3, 3/4 ಕೊಟ್ಟು ಪಟ್ಟಿ ಮಡಚ್ಸಿ.